ನೌಕರಿ ಬಿಡಲೋ, ನಾಟಕ ಬಿಡಲೋ? ಮೊದಲು ಶಿಫ್ಟ್ ಬದಲಿಸಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 26, ಪಗಾರ 17 ಸಾವಿರ. ಕಾಲೇಜಿನ ದಿನಗಳಿಂದ ನಾಟಕ ಮಾಡುತ್ತ ಬಂದಿದ್ದೇನೆ. ರಂಗಗೀತೆ, ತತ್ವಪದ ಹಾಡುತ್ತೇನೆ. ನನ್ನ ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತದೆ. ಹೋದ ವರ್ಷ ಒಳ್ಳೆ ಪಾತ್ರವೊಂದು ಸಿಕ್ಕಿತ್ತು, ತಾಲೀಮಿಗೆ ಸರಿಯಾಗಿ ಹೋಗಲು ಆಗದೆ ಬಿಟ್ಟುಕೊಟ್ಟೆ. ತಂಡದವರು ಕೆಲಸ ಬಿಡು, ಯಾವುದಾದರೂ ರೆಪರ್ಟರಿ (ಪೂರ್ತಿ ಹೊತ್ತು ನಾಟಕವನ್ನೇ ಮಾಡುವ ತಂಡ) ಸೇರು ಅಂತಾರೆ. ಅಪ್ಪ ರಿಟೈರ್ ಆಗಿದ್ದಾರೆ, ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಮನೆಯವರು ನಾಟಕ ಬಿಡು, ಮದುವೆಗೆ ತೊಂದರೆ ಆಗ್ತದೆ ಅಂತಾರೆ. ರಾತ್ರಿ ಮನೆಗೆ ಬಂದಾಗ ಗಂಟಲೂ ಇರೋದಿಲ್ಲ, ಮನಸ್ಸೂ ಇರೋದಿಲ್ಲ. ಏನು ಮಾಡಲಿ?

ಉತ್ತರ:

ತಂಗಿ, ತಂಡದವರೂ ಮನೆಯವರೂ ನಿಮಗೆ ಒಂದೇ ಮಾತು ಹೇಳುತ್ತಿದ್ದಾರೆ. ಏನಾದರೂ ಒಂದು ಬಿಡು ಅಂತ. ನನಗೆ ನಿಮ್ಮ ಪತ್ರದಲ್ಲಿ ಕಂಡದ್ದು ಬೇರೆ. ನಿಮ್ಮ ತೊಂದರೆ ನೌಕರಿಯಿಂದ ಬಂದದ್ದಲ್ಲ, ಬದಲಾಗುವ ಶಿಫ್ಟ್‌ನಿಂದ ಬಂದದ್ದು. ಇವೆರಡೂ ಬೇರೆ ಬೇರೆ. ಇದನ್ನು ಮೊದಲು ಬಿಡಿಸಿಕೊಂಡರೆ ಉಳಿದ ಗಂಟುಗಳು ಅರ್ಧ ಸಡಿಲಾಗುತ್ತವೆ.

ನಾಟಕ ಅಂದರೆ ಹತ್ತು ಹನ್ನೆರಡು ಮಂದಿ ಒಂದೇ ಹೊತ್ತಿಗೆ ಒಂದೇ ಕಡೆ ಸೇರಬೇಕಾದ ಕೆಲಸ. ನಮ್ಮೂರಿನ ಹವ್ಯಾಸಿ ತಂಡಗಳಲ್ಲಿ ಎಲ್ಲರೂ ದುಡಿಯುವವರೇ. ಹಾಗಾಗಿ ತಾಲೀಮು ಸಂಜೆ ಆರೂವರೆ, ಏಳಕ್ಕೆ ಶುರುವಾಗಿ ಒಂಬತ್ತರವರೆಗೆ ನಡೆಯುತ್ತದೆ. ಒಂದೂವರೆ ತಾಸಿನ ನಾಟಕಕ್ಕೆ ಒಂದು ತಿಂಗಳು, ಒಂದೂವರೆ ತಿಂಗಳು ಹೀಗೆ ಕೂಡಬೇಕು. ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ ಪಾಳಿ, ಆಮೇಲೆ ರಾತ್ರಿ ಪಾಳಿ ಅಂದರೆ ಯಾವ ನಿರ್ದೇಶಕರೂ ನಿಮಗೆ ದೊಡ್ಡ ಪಾತ್ರ ಕೊಡಲಾರರು. ನಿಮ್ಮಲ್ಲಿ ಪ್ರತಿಭೆ ಕಡಿಮೆ ಅಂತಲ್ಲ. ನೀವಿಲ್ಲದ ದಿನ ನಿಮ್ಮ ಎದುರು ಪಾತ್ರದವರು ಗೋಡೆ ಜೊತೆ ಮಾತಾಡಬೇಕಾಗುತ್ತದೆ, ಅದಕ್ಕೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ದುಡಿಯುತ್ತಲೇ ನಾಟಕ ಮಾಡಿದವಳು. ಈಗ ಹುಡುಗ ಹುಡುಗಿಯರಿಗೆ ತಾಲೀಮು ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಮಾತಂತೂ ಗಟ್ಟಿಯಾಗಿದೆ. ಕಲಾವಿದರಿಗೆ ಪಗಾರ ಎಷ್ಟು ಅನ್ನೋದಕ್ಕಿಂತ ಆ ನೌಕರಿ ದಿನದ ಯಾವ ಹೊತ್ತು ತಗೊಳ್ಳುತ್ತದೆ, ಮೈಯಿಂದ ಏನು ತಗೊಳ್ಳುತ್ತದೆ ಅನ್ನೋದು ಮುಖ್ಯ. ಎರಡು ಸಾವಿರ ಕಡಿಮೆ ಕೊಟ್ಟರೂ ಸಂಜೆ ಐದಕ್ಕೆ ಬಿಡುವ ಕೆಲಸ ನಿಮಗೆ ಹೆಚ್ಚಿನ ಕೆಲಸ.

ಬ್ಯಾಂಕು ಹೊರಗಿನವರಿಗೆ ಅನುಕೂಲದ ಕೆಲಸ ಅನ್ನಿಸುತ್ತದೆ. ಆದರೆ ವಿಶ್ವ ರಂಗಭೂಮಿ ದಿನ ಬರೋದು ಮಾರ್ಚ್ 27ಕ್ಕೆ, ಬ್ಯಾಂಕಿನ ವರ್ಷ ಮುಗಿಯೋದು ಮಾರ್ಚ್ 31ಕ್ಕೆ! ಊರೆಲ್ಲ ನಾಟಕ ಹಚ್ಚುವ ವಾರದಲ್ಲಿ ನಾವು ರಾತ್ರಿವರೆಗೆ ಲೆಕ್ಕ ಹೊಂದಿಸುತ್ತ ಕೂತಿರುತ್ತಿದ್ದೆವು. ಹಾಗಾಗಿ ಮಾರ್ಚಿನ ಪ್ರಯೋಗ ಅಂದರೆ ನಾನು ಮೊದಲೇ ಬೇಡ ಅನ್ನುತ್ತಿದ್ದೆ. ಪ್ರತಿ ಕೆಲಸಕ್ಕೂ ಇಂಥ ಬಿಗಿ ತಿಂಗಳು ಇರುತ್ತವೆ. ಸೇಲ್ಸ್ ಕೆಲಸಕ್ಕೆ ತಿಂಗಳ ಕೊನೆಯ ವಾರ ಟಾರ್ಗೆಟ್. ಸರಕಾರಿ ಕಚೇರಿಗಳಿಗೆ ನಮ್ಮ ಭಾಗದಲ್ಲಿ ಬಿಸಿಲಿನ ದೆಸೆಯಿಂದ ಏಪ್ರಿಲ್, ಮೇ ತಿಂಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. ರಂಗಭೂಮಿಯವರಿಗೆ ಇದಕ್ಕಿಂತ ಒಳ್ಳೆ ವೇಳೆ ಸಿಗೋದಿಲ್ಲ. ಶಾಲೆಯ ಕೆಲಸದಲ್ಲಿ ದಸರೆ ರಜೆ, ಬೇಸಿಗೆ ರಜೆ ಇವೆ, ಆದರೆ ಅದು ಗಂಟಲನ್ನೇ ಕೇಳುತ್ತದೆ. ದಿನಕ್ಕೆ ಐದಾರು ಪೀರಿಯಡ್ ಒದರಿ ಬಂದವರು ಸಂಜೆ ಹಾಡೋದು ಕಷ್ಟ.

ಈಗ ನಿಮ್ಮ ಆಸ್ಪತ್ರೆಗೆ ಬರೋಣ. ಕೆಲಸ ಬಿಡುವ ಮೊದಲು ಅದೇ ಆಸ್ಪತ್ರೆಯೊಳಗೆ ಜಾಗ ಬದಲಿಸಲು ಆಗುತ್ತದಾ ನೋಡಿ. ಬಿಲ್ಲಿಂಗ್ ಕೌಂಟರ್ 24 ತಾಸೂ ತೆರೆದಿರಬೇಕು, ಹಾಗಾಗಿ ಪಾಳಿ ತಪ್ಪೋದಿಲ್ಲ. ಆದರೆ ವಿಮೆ ಕ್ಲೇಮ್ ನೋಡುವ ವಿಭಾಗ, ಹಳೆ ದಾಖಲೆ ಇಡುವ ವಿಭಾಗ, ಅಕೌಂಟ್ಸ್, ಖರೀದಿ ವಿಭಾಗ ಇವೆಲ್ಲ ಸಾಮಾನ್ಯವಾಗಿ ಹಗಲು ಹೊತ್ತಿನವು. ನಿಮಗೆ ಬಿಲ್ಲಿಂಗ್ ಗೊತ್ತು ಅಂದರೆ ವಿಮೆ ವಿಭಾಗದ ಕೆಲಸ ಅರ್ಧ ಗೊತ್ತಿದ್ದಂತೆಯೇ.

ಎಚ್‌ಆರ್ ಹತ್ತಿರ ಹೋಗಿ ಸುಮ್ನೆ "ಶಿಫ್ಟ್ ಬೇಡ" ಅನ್ನಬೇಡಿ. ಕೊಡುವುದನ್ನೂ ಹೇಳಿ. "ನನಗೆ ಸಂಜೆ ಆರರ ನಂತರ ಬಿಡುವು ಬೇಕು. ಬದಲಿಗೆ ಭಾನುವಾರ ಬೆಳಗಿನ ಪಾಳಿ ನಾನು ಮಾಡುತ್ತೇನೆ, ದೀಪಾವಳಿ, ಯುಗಾದಿಗೆ ಬೇರೆಯವರು ರಜೆ ಹೋದಾಗ ನಾನಿರುತ್ತೇನೆ" ಅಂತ ಹೇಳಿ ನೋಡಿ. ಹಬ್ಬದ ದಿನ ಮಂದಿ ಸಿಗದೆ ಒದ್ದಾಡುವ ಆಸ್ಪತ್ರೆಗೆ ಇದು ದೊಡ್ಡ ಮಾತು. ಕಾರಣ ಕೇಳಿದರೆ ನಾಟಕ ಅಂತಲೇ ಹೇಳಿ. ಮುಚ್ಚಿಡೋದರಲ್ಲಿ ಅರ್ಥ ಇಲ್ಲ. ನಾಳೆ ನಿಮ್ಮ ಫೋಟೊ ಯಾರದೋ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಬಂದೇ ಬರುತ್ತದೆ. ಹೊಟ್ಟೆನೋವು ಅಂತ ರಜೆ ಹಾಕಿ ರಂಗಮಂದಿರದಲ್ಲಿ ಬಣ್ಣ ಹಚ್ಚಿಕೊಂಡವರ ಮೇಲೆ ಆಮೇಲೆ ಯಾರಿಗೂ ನಂಬಿಕೆ ಉಳಿಯೋದಿಲ್ಲ. ಹಾಗೆಯೇ ನಿಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದಿ. ಬೇರೆ ಕಡೆ ದುಡಿಯುವಂತಿಲ್ಲ ಅನ್ನುವ ಸಾಲು ಬಹಳ ಖಾಸಗಿ ಸಂಸ್ಥೆಗಳ ಪತ್ರದಲ್ಲಿ ಇರುತ್ತದೆ. ಇದ್ದರೆ, ಕಲಾ ಕಾರ್ಯಕ್ರಮಕ್ಕೆ ಅಡ್ಡಿಯಿಲ್ಲ ಅಂತ ಒಂದು ಇಮೇಲ್ ಬರೆಸಿಟ್ಟುಕೊಳ್ಳಿ.

ಆಸ್ಪತ್ರೆ ಒಪ್ಪದಿದ್ದರೆ ಹಗಲು ಹೊತ್ತಿನ ಬೇರೆ ಕೆಲಸ ಹುಡುಕಿ. ಇದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯಬಹುದು, ಹಿಡಿಯಲಿ. ಸರಕಾರಿ ಪರೀಕ್ಷೆ ಬರೆಯುವ ಮನಸ್ಸಿದ್ದರೆ ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಇದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆ ದಿನ ಓಡಾಡೋದು ತಪ್ಪುತ್ತದೆ. ಸರಕಾರಿ ನೌಕರಿ ಸಿಕ್ಕರೂ ನಡತೆ ನಿಯಮ ಇವೆ. ಸಿನಿಮಾ, ಧಾರಾವಾಹಿ ಅಂತ ಹೊರಟರೆ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಮೊದಲೇ ತಗೊಳ್ಳಬೇಕು.

ಗಂಟಲಿನ ಮಾತು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ರಾತ್ರಿ ಗಂಟಲೇ ಇರೋದಿಲ್ಲ ಅಂತ ನೀವು ಬರೆದದ್ದು ನನಗೆ ಶಿಫ್ಟ್‌ಗಿಂತ ಚಿಂತೆ ತಂದಿತು. ಕೌಂಟರಿನ ಗಾಜಿನ ಆಚೆ ಇರುವವರಿಗೆ ಕೇಳಿಸಲಿ ಅಂತ ನೀವು ದಿನವಿಡೀ ದನಿ ಏರಿಸಿ ಮಾತಾಡುತ್ತೀರಿ. ಹಿಂದೆ ಗದ್ದಲ, ಮುಂದೆ ಸಿಟ್ಟಿಗೆದ್ದ ಮಂದಿ. ಹೆಣ್ಣುಮಕ್ಕಳು ಮಾತಾಡುವಾಗ ಗಂಟಲೊಳಗಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ದನಿ ಏರಿಸಿದಷ್ಟೂ ಜೋರಾಗಿ ತಾಗುತ್ತವೆ. ಎಂಟು ತಾಸು ಹೀಗೆ ನಡೆದರೆ ಅವು ಬಾತುಕೊಳ್ಳುತ್ತವೆ, ದನಿ ಒಡೆಯುತ್ತದೆ. ಅದರ ಮೇಲೆ ಒಳಗೆ ಎಸಿಯ ಒಣ ಗಾಳಿ, ಹೊರಗೆ ನಮ್ಮ ಏಪ್ರಿಲ್‌ನ 42 ಡಿಗ್ರಿ ಬಿಸಿಲು.

ಕೌಂಟರಿಗೆ ಒಂದು ಸಣ್ಣ ಮೈಕ್, ಸ್ಪೀಕರ್ ಹಾಕಿಸಿ ಅಂತ ಕೇಳಿ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಇರುತ್ತದಲ್ಲ, ಅಂಥದ್ದು. ನಿಮ್ಮೊಬ್ಬರಿಗೆ ಅಲ್ಲ, ಅಲ್ಲಿ ಕೂರುವ ಎಲ್ಲರಿಗೂ ಉಪಯೋಗ. ಹೆಚ್ಚು ಸಲ ಕೇಳುವ ಪ್ರಶ್ನೆಗಳ ಉತ್ತರ ಬರೆದು ಗಾಜಿಗೆ ಅಂಟಿಸಿ. ಡಿಸ್ಚಾರ್ಜ್‌ಗೆ ಯಾವ ಕಾಗದ ಬೇಕು, ಯಾವ ಕಾರ್ಡ್ ನಡೆಯುತ್ತದೆ ಅಂತ ಕನ್ನಡದಲ್ಲಿ, ಉರ್ದುವಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ನಿಮ್ಮ ಅರ್ಧ ಮಾತು ಉಳಿಯುತ್ತದೆ. ನೀರು ಬೆಳಗಿನಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಹಾಡುವ ಮುಂಚೆ ಒಮ್ಮೆಲೇ ಒಂದು ಲೋಟ ಕುಡಿದರೆ ಅದು ಧ್ವನಿತಂತುವಿಗೆ ಮುಟ್ಟುವಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತದೆ. ದನಿ ಕಟ್ಟಿದಾಗ ಪಿಸುಮಾತಿನಲ್ಲಿ ಮಾತಾಡಬೇಡಿ. ಅದು ವಿಶ್ರಾಂತಿ ಅಲ್ಲ, ಬಹಳ ಮಂದಿಗೆ ಗಂಟಲು ಇನ್ನೂ ಬಿಗಿಯಾಗುತ್ತದೆ. ಸುಮ್ಮನಿರೋದೇ ವಿಶ್ರಾಂತಿ. ಎರಡು ಮೂರು ವಾರವಾದರೂ ದನಿ ಒಡೆದೇ ಇದ್ದರೆ ಕಷಾಯ ಕುಡಿಯುತ್ತ ಕೂರಬೇಡಿ. ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ನೀವು ಆಸ್ಪತ್ರೆಯಲ್ಲೇ ಇದ್ದೀರಿ, ತಡ ಮಾಡಲು ಕಾರಣವೇ ಇಲ್ಲ.

ರಿಯಾಜಿಗೆ ರಾತ್ರಿಯನ್ನು ನಂಬಬೇಡಿ. ಬೆಳಗ್ಗೆ ಎದ್ದು ಅರ್ಧ ತಾಸು, ಮುಕ್ಕಾಲು ತಾಸು ಸಾಕು. ಭಾನುವಾರ ಒಂದೇ ದಿನ ನಾಲ್ಕು ತಾಸು ಹಾಡುವುದಕ್ಕಿಂತ ದಿನಾ ಅರ್ಧ ತಾಸು ಮೇಲು. ಮಾತು ಬಾಯಿಪಾಠ ಮಾಡಲು ಫೋನ್ ಬಳಸಿ. ಎದುರು ಪಾತ್ರದ ಮಾತುಗಳನ್ನು ರೆಕಾರ್ಡ್ ಮಾಡಿ, ನಿಮ್ಮ ಮಾತಿನ ಜಾಗದಲ್ಲಿ ಅಷ್ಟೇ ಹೊತ್ತು ಖಾಲಿ ಬಿಡಿ. ಸಿಟಿ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಮನಸ್ಸಿನಲ್ಲೇ ತುಂಬಿಸುತ್ತ ಹೋಗಿ. ಒಂದು ವಾರದಲ್ಲಿ ಇಡೀ ದೃಶ್ಯ ಬಾಯಿಗೆ ಬರುತ್ತದೆ. ಸ್ಕ್ರಿಪ್ಟ್ ಕೈಯಲ್ಲಿ ಹಿಡಿಯದೆ ತಾಲೀಮಿಗೆ ಬಂದವರನ್ನು ಯಾವ ನಿರ್ದೇಶಕರೂ ಬಿಡೋದಿಲ್ಲ, ವಾರಕ್ಕೆ ಒಂದು ದಿನ ತಪ್ಪಿಸಿದರೂ.

ಇನ್ನು ರೊಕ್ಕದ ಮಾತು. ಇದನ್ನು ಮಾತಾಡಲು ನಮ್ಮ ತಂಡಗಳಲ್ಲಿ ಎಲ್ಲರಿಗೂ ಸಂಕೋಚ. ಕಲೆಗೆ ಬೆಲೆ ಕಟ್ಟಬಾರದು ಅನ್ನುತ್ತಾರೆ. ಕಟ್ಟದಿದ್ದರೆ ಆ ಬೆಲೆ ನಿಮ್ಮ ಪರ್ಸಿನಿಂದ ಹೋಗುತ್ತದೆ, ಅಷ್ಟೇ. ಒಂದು ಲೆಕ್ಕ ಹಾಕೋಣ. ತಾಲೀಮು ಮುಗಿದು ರಾತ್ರಿ ಒಂಬತ್ತೂವರೆಗೆ ಮನೆಗೆ ಹೋಗಲು ಆಟೊಕ್ಕೆ 80 ರೂಪಾಯಿ ಅಂತ ಹಿಡಿಯಿರಿ. ಮೂವತ್ತು ದಿನದ ತಾಲೀಮಿಗೆ 2,400 ಆಯಿತು. ಸೇಡಂನಲ್ಲೋ ಆಳಂದದಲ್ಲೋ ಪ್ರಯೋಗ, ನಿಮಗೆ ಬಂದ ಸಂಭಾವನೆ 1,500. ಅದೂ ಇಲಾಖೆಯಿಂದ ಬರುವಂಥದ್ದಾದರೆ ಕೈಗೆ ಸಿಗಲು ತಿಂಗಳುಗಟ್ಟಲೆ ಆಗಬಹುದು. ಅಂದರೆ ಪಾತ್ರ ಮಾಡಿದ್ದಕ್ಕೆ ನೀವೇ 900 ರೂಪಾಯಿ ಕೊಟ್ಟಂತಾಯಿತು.

ಹಾಗಂತ ಮಾಡಬೇಡಿ ಅಂತಲ್ಲ. ನಾನೂ ಹಾಗೇ ಮಾಡಿದವಳು, ಈಗಲೂ ಮನಸ್ಸಿಗೆ ಹಿಡಿದ ನಾಟಕಕ್ಕೆ ಕೈಯಿಂದ ಹಾಕುತ್ತೇನೆ. ಆದರೆ ಗೊತ್ತಿದ್ದು ಹಾಕಬೇಕು. ಒಂದು ನೋಟ್‌ಬುಕ್ ಇಡಿ. ಪ್ರತಿ ನಾಟಕಕ್ಕೂ ಬಂದದ್ದು, ಹೋದದ್ದು, ಯಾವಾಗ ಬಂತು ಅನ್ನೋದನ್ನು ಬರೆಯಿರಿ. ತಂಡ ಸಂಭಾವನೆ ಕೊಡಲು ಆಗೋದಿಲ್ಲ ಅಂದರೆ ರಾತ್ರಿ ಮನೆಗೆ ಬಿಡುವ ವ್ಯವಸ್ಥೆ ಕೇಳಿ. ಹೆಣ್ಣುಮಕ್ಕಳು ಮೊದಲು ಇಡಬೇಕಾದ ಷರತ್ತು ಅದೇ. ಅದು ಉಪಕಾರ ಅಲ್ಲ, ನಾಟಕದ ಖರ್ಚಿನಲ್ಲಿ ಲೈಟು, ಪ್ರಸಾಧನ ಇದ್ದಂತೆ ಅದೂ ಒಂದು ಬಾಬು.

ನಮ್ಮ ಹಳ್ಳಿಗಳ ಜಾತ್ರೆ ನಾಟಕಕ್ಕೆ ಹೋಗುವ ವೃತ್ತಿ ನಟಿಯರನ್ನು ನೀವು ನೋಡಿರುತ್ತೀರಿ. ರಾಶಿ ಮುಗಿದು ತೊಗರಿ ರೊಕ್ಕ ಕೈಗೆ ಬಂದ ಮೇಲೆ ಊರ ಗಂಡಸರು ಸೇರಿ ನಾಟಕ ಹಚ್ಚುತ್ತಾರೆ, ಹೆಣ್ಣು ಪಾತ್ರಕ್ಕೆ ಈ ಅಕ್ಕಂದಿರನ್ನು ಕರೆಸುತ್ತಾರೆ. ಪೇಟೆಯ ಹವ್ಯಾಸಿಗಳು ಅವರನ್ನು ಕೀಳಾಗಿ ಮಾತಾಡೋದು ನನಗೆ ಸೇರೋದಿಲ್ಲ. ಮುಂಚೆ ಕೂಡಿ ತಾಲೀಮು ಮಾಡದೆಯೂ ಪೇಟಿ (ಹಾರ್ಮೋನಿಯಂ) ಮಾಸ್ತರರ ಸುರ ಕೇಳಿದ ಕೂಡಲೇ ಹಾಡು ಎತ್ತುತ್ತಾರೆ, ಬೆಳತನಕ ನಿಂತು ಪಾತ್ರ ಹಿಡಿಯುತ್ತಾರೆ. ಅವರಿಂದ ಕಲಿಯಬೇಕಾದ ಇನ್ನೊಂದು ಇದೆ. ಸಂಚಕಾರ, ಅಂದರೆ ಮುಂಗಡ ರೊಕ್ಕ, ಕೈಗೆ ಬರದೆ ಅವರು ಊರು ಬಿಟ್ಟು ಹೊರಡೋದಿಲ್ಲ. ಹೋಗುವ ಗಾಡಿ, ಬರುವ ಗಾಡಿ, ಉಳಿಯುವ ಮನೆ ಯಾವುದು ಅಂತ ಮೊದಲೇ ಮಾತಾಡಿರುತ್ತಾರೆ. ಡಿಗ್ರಿ ಓದಿದ ನಾವು ಇದನ್ನು ಕೇಳಲು ನಾಚಿಕೊಳ್ಳುತ್ತೇವೆ.

ನಿಮ್ಮ ಕಲೆಯಿಂದಲೇ ಒಂದಿಷ್ಟು ಆದಾಯ ಬರುವ ದಾರಿಗಳೂ ಇಲ್ಲೇ ಇವೆ. ಮೊದಲನೆಯದು ಆಕಾಶವಾಣಿ. ನಮ್ಮ ಕಲಬುರಗಿ ನಿಲಯದವರು ಧ್ವನಿ ಪರೀಕ್ಷೆಗೆ ಅರ್ಜಿ ಕರೆದಾಗ ನಾಟಕಕ್ಕೂ ಹಾಕಿ, ಹಾಡಿಗೂ ಹಾಕಿ. ಸಂಗೀತದಲ್ಲಿ ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿ ಇವೆ. ಬಿ ಶ್ರೇಣಿ ಸಿಕ್ಕರೂ ನಿಮ್ಮ ಹೆಸರಿನ ಜೊತೆ ಒಂದು ದಾಖಲೆ ನಿಲ್ಲುತ್ತದೆ, ಬೇರೆ ಕಡೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆ ಇದೆ. ರೆಕಾರ್ಡಿಂಗ್ ಅಂದರೆ ಒಂದು ಮಧ್ಯಾಹ್ನದ ಕೆಲಸ, ರಾತ್ರಿ ತಿರುಗಾಟ ಇಲ್ಲ. ಎರಡನೆಯದು ಮಕ್ಕಳ ಬೇಸಿಗೆ ಶಿಬಿರ. ಏಪ್ರಿಲ್, ಮೇನಲ್ಲಿ ಹಾಡು, ಆಟ, ಅಭಿನಯ ಕಲಿಸುವವರು ಎಲ್ಲ ಕಡೆ ಬೇಕು. ಮೂರನೆಯದು ಶಾಲೆಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಡಿಸೆಂಬರ್, ಜನವರಿಯಲ್ಲಿ ಹತ್ತು ನಿಮಿಷದ ಮಕ್ಕಳ ನಾಟಕ ಕೂಡಿಸಿಕೊಡುವವರಿಗೆ ಖಾಸಗಿ ಶಾಲೆಗಳು ರೊಕ್ಕ ಕೊಡುತ್ತವೆ. ಬೀದಿನಾಟಕ ಮಾಡಿಸುವ ಇಲಾಖೆಗಳಿವೆ. ಮಠಗಳಲ್ಲಿ ಶ್ರಾವಣ ಪೂರ್ತಿ ಪುರಾಣ, ಪ್ರವಚನ ನಡೆಯುತ್ತದೆ, ಹಾಡುವವರು ಬೇಕೇ ಬೇಕು.

ಆದರೆ ಈ ಎಲ್ಲ ಸೇರಿದರೂ ಸದ್ಯಕ್ಕೆ ಕಲಬುರಗಿಯಲ್ಲಿ ಒಬ್ಬ ಕಲಾವಿದೆಯ ವರ್ಷದ ಬದುಕು ನಡೆಯೋದು ಕಷ್ಟ. ನವೆಂಬರಿನ ರಾಜ್ಯೋತ್ಸವದಿಂದ ಹಿಡಿದು ಶರಣಬಸವೇಶ್ವರ ಜಾತ್ರೆಯವರೆಗೆ ಒಂದೇ ಸಮ ಕೆಲಸ ಇರುತ್ತದೆ. ಆಮೇಲೆ ಜೂನ್, ಜುಲೈ ಬಂದರೆ ಫೋನ್ ಮಾಡುವವರೇ ಇಲ್ಲ. ಜನವರಿಯ ಆದಾಯ ನೋಡಿ ನೌಕರಿ ಬಿಟ್ಟವರು ಜುಲೈಯಲ್ಲಿ ಸಾಲ ಕೇಳುತ್ತ ಬಂದದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಒಂದು ಇಡೀ ವರ್ಷ ಲೆಕ್ಕ ಬರೆಯದೆ ಬಿಡುವ ಮಾತು ಬೇಡ. ಸಂಭಾವನೆ ಬ್ಯಾಂಕಿಗೆ ಬಂದ ಮೇಲೆ ಮಾತ್ರ ಬಂತು ಅಂತ ಬರೆಯಿರಿ. ತೆರಿಗೆ ಹಿಡಿದು ಕೊಟ್ಟಿದ್ದರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ, ನಿಮ್ಮ ಆದಾಯಕ್ಕೆ ಅದು ಮರಳಿ ಬರುವ ಸಾಧ್ಯತೆಯೇ ಜಾಸ್ತಿ.

ದುಡಿಯುತ್ತ ಕಲೆ ಮಾಡಿದರೆ ಅರೆಬರೆ ಕಲಾವಿದರು ಅನ್ನುವ ಮಾತು ತಂಡಗಳಲ್ಲಿ ಓಡಾಡುತ್ತದೆ. ನಿಮ್ಮ ತಂಡದವರೂ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿರಬಹುದು. ತಲೆಗೆ ಹಚ್ಚಿಕೊಳ್ಳಬೇಡಿ. ಸಿನಿಮಾ ಹಾಡಿಗೆ ರಾಷ್ಟ್ರ ಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ಸುಗಮ ಸಂಗೀತವನ್ನು ಮನೆಮನೆಗೆ ಒಯ್ದ ಸಿ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರಿಯಲ್ಲಿದ್ದವರು. ಅಷ್ಟು ದೂರ ಯಾಕೆ? ನೀವು ಹಾಡುವ ತತ್ವಪದವನ್ನೇ ನೋಡಿ. ಜೇವರ್ಗಿ ಕಡೆಯ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಇಂದಿನವರೆಗೆ ಉಳಿಸಿದವರು ಯಾರು? ಹಗಲು ಹೊಲದಲ್ಲಿ ದುಡಿದು, ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕೂತ ಮಂದಿ. ಅವರನ್ನು ಯಾರೂ ಅರೆಬರೆ ಅನ್ನಲಿಲ್ಲ.

ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೀಗೆ ಉದಾಹರಣೆ ಕೊಡುವಾಗ ಬರುವ ಹೆಸರುಗಳು ಹೆಚ್ಚಾಗಿ ಗಂಡಸರವೇ. ಹೆಣ್ಣುಮಕ್ಕಳಿಗೆ ನೌಕರಿ, ನಾಟಕದ ಜೊತೆ ಮೂರನೆಯದೊಂದು ಕೆಲಸ ಇರುತ್ತದೆ, ಮನೆಯದು. ರೊಟ್ಟಿ ಬಡಿದು, ಭಾಂಡೆ ತೊಳೆದು, ಆಮೇಲೆ ತಾಲೀಮು. ನಿಮ್ಮ ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ ಅಂದಿರಿ. ತಾಲೀಮಿನ ತಿಂಗಳು ಸಂಜೆ ಅಡುಗೆಗೆ ಅವ್ವನ ಜೊತೆ ಅವನು ನಿಲ್ಲಲಿ. ಇದನ್ನು ಜಗಳದಲ್ಲಿ ಹೇಳಬೇಡಿ, ತಾಲೀಮು ಶುರುವಾಗುವ ಮೊದಲೇ ಕೂತು ಹೇಳಿ.

ಅಪ್ಪನ ಜೊತೆ ಮಾತಾಡುವಾಗ ಅವರ ಚಿಂತೆ ಯಾವುದು ಅಂತ ಬಿಡಿಸಿ ಕೇಳಿ. ರೊಕ್ಕದ ಚಿಂತೆಯಾ, ರಾತ್ರಿ ಬರುವ ಚಿಂತೆಯಾ, ಮಂದಿ ಏನಂತಾರೆ ಅನ್ನೋದಾ? ಮೂರಕ್ಕೂ ಉತ್ತರ ಬೇರೆ. ರೊಕ್ಕದ್ದಾದರೆ ತಿಂಗಳಿಗೆ ಇಷ್ಟು ಅಂತ ಮನೆಗೆ ಗಟ್ಟಿ ಮಾಡಿ, ನಾಟಕ ಇದ್ದರೂ ಇಲ್ಲದಿದ್ದರೂ ಅದು ತಪ್ಪಬಾರದು. ರಾತ್ರಿಯದ್ದಾದರೆ ಯಾರ ಜೊತೆ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೇಳಿ, ತಂಡದ ಹಿರಿಯರೊಬ್ಬರ ನಂಬರ್ ಕೊಡಿ. ಮಂದಿಯದ್ದಾದರೆ ಅವರನ್ನು ತಾಲೀಮಿಗೇ ಕರೆದುಕೊಂಡು ಹೋಗಿ. ಪ್ರಯೋಗಕ್ಕಲ್ಲ, ತಾಲೀಮಿಗೆ. ಪ್ರಯೋಗದ ದಿನ ಬಣ್ಣ, ಬೆಳಕು, ಚಪ್ಪಾಳೆ ಮಾತ್ರ ಕಾಣುತ್ತದೆ. ತಾಲೀಮಿನಲ್ಲಿ ಒಂದೇ ಸಾಲನ್ನು ಹತ್ತು ಸಲ ಹೇಳಿಸಿ ತಿದ್ದುವುದು ಕಾಣುತ್ತದೆ. ಮಗಳು ದುಡಿಯುತ್ತಿದ್ದಾಳೆ ಅಂತ ಅಪ್ಪಂದಿರಿಗೆ ತಿಳಿಯೋದು ಅಲ್ಲೇ.

ಮದುವೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ ಇದೆ. ಕನ್ಯಾ ನೋಡಲು ಬಂದ ದಿನವೇ ನಾಟಕ ಮಾಡುತ್ತೇನೆ, ಮುಂದೂ ಮಾಡುತ್ತೇನೆ ಅಂತ ಹೇಳಬೇಕು. ಮದುವೆಯಾದ ಮೇಲೆ ನಿಧಾನಕ್ಕೆ ಒಪ್ಪಿಸೋಣ ಅನ್ನುವ ಹಿರಿಯರ ಮಾತು ಕೇಳಬೇಡಿ. ಒಲ್ಲೆ ಅನ್ನುವವರು ಆ ದಿನವೇ ಎದ್ದು ಹೋಗಲಿ.

ಈಗ ರೆಪರ್ಟರಿ. ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಮಂದಿ ಒಂದೇ ಮಾಡಿ ಮಾತಾಡುತ್ತಾರೆ. ಒಂದು ತರಬೇತಿ, ಇನ್ನೊಂದು ತಿರುಗಾಟ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗ ಶಿಕ್ಷಣ ಕೇಂದ್ರ ಇದೆ. ಅಲ್ಲಿ ಓದೋದು ಒಂದು. 1985ರಲ್ಲಿ ಶುರುವಾದ ಅವರ ತಿರುಗಾಟದಲ್ಲಿ ನಟಿಯಾಗಿ ಊರೂರು ಸುತ್ತೋದು ಇನ್ನೊಂದು. ಸಾಣೇಹಳ್ಳಿಯ ಶಿವಸಂಚಾರವೂ ಊರೂರು ತಿರುಗುವ ತಂಡ. ನಮ್ಮ ಕಲಬುರಗಿಯಲ್ಲೇ ರಂಗಾಯಣ ಇದೆ, ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ನಮ್ಮ ಭಾಗದ ಶಾಖೆ. ಅಲ್ಲಿ ಕಲಾವಿದರನ್ನು ಪ್ರಕಟಣೆ ಹೊರಡಿಸಿ, ಸಂದರ್ಶನ ಮಾಡಿ ತಗೊಳ್ಳುತ್ತಾರೆ. ಪತ್ರಿಕೆಯಲ್ಲಿ ಪ್ರಕಟಣೆ ನೋಡುತ್ತಿರಿ, ವಯಸ್ಸಿನ ಮಿತಿ ಎಷ್ಟಿದೆ ಅಂತ ಮೊದಲು ಓದಿ.

ರೆಪರ್ಟರಿಯಲ್ಲಿ ಇರಲು ಜಾಗ, ಊಟ, ಸಣ್ಣ ಸಂಭಾವನೆ ಸಿಗುತ್ತದೆ. ಒಂದು ವರ್ಷ ಬೇರೆ ಚಿಂತೆಯಿಲ್ಲದೆ ರಂಗದ ಮೇಲೆ ಬದುಕುವ ಅವಕಾಶ ಅದು. ಇಲ್ಲಿ ನಾಲ್ಕೈದು ವರ್ಷದಲ್ಲಿ ಕಲಿಯುವುದನ್ನು ಅಲ್ಲಿ ಒಂದು ವರ್ಷದಲ್ಲಿ ಕಲಿಯಬಹುದು. ದಿನಾ ಪ್ರಯೋಗ, ದಿನಾ ಹೊಸ ಊರು, ಕೆಟ್ಟ ಮೈಕು, ಅಳುವ ಕೂಸು, ಮಧ್ಯೆ ಹೋಗುವ ಕರೆಂಟು. ಎಲ್ಲದರ ನಡುವೆ ಪಾತ್ರ ಹಿಡಿಯೋದು ಅಲ್ಲೇ ಬರುತ್ತದೆ. ಹಾಗಾಗಿ ಹೋಗಿ ಅಂತಲೇ ನನ್ನ ಮನಸ್ಸು ಹೇಳುತ್ತದೆ. ಆದರೆ ಅದನ್ನು ನೌಕರಿ ಅಂತ ತಿಳಿದು ಹೋಗಬೇಡಿ, ಒಂದು ವರ್ಷದ ಓದು ಅಂತ ತಿಳಿದು ಹೋಗಿ. ಓದಿಗೆ ತಯಾರಿ ಬೇಕು. ಮನೆಗೆ ನೀವು ಕೊಡುವ ಮೊತ್ತ ತಿಂಗಳಿಗೆ 8 ಸಾವಿರ ಅಂದರೆ ಹನ್ನೆರಡು ತಿಂಗಳಿಗೆ 96 ಸಾವಿರ. ಅಷ್ಟು ಬ್ಯಾಂಕಿನಲ್ಲಿ ಇಟ್ಟು ಹೊರಡಿ. ತಮ್ಮನ ಡಿಪ್ಲೊಮಾ ಮುಗಿಯುವ ವರ್ಷ ನೋಡಿ ಹೊರಟರೆ ಇನ್ನೂ ಹಗುರ. ಆಸ್ಪತ್ರೆಯಲ್ಲಿ ಪಗಾರ ಇಲ್ಲದ ರಜೆ ಕೇಳಿ. ಕೊಡದಿದ್ದರೆ ಅನುಭವ ಪತ್ರ ಬರೆಸಿಕೊಂಡು, ನೋಟಿಸ್ ಅವಧಿ ಮುಗಿಸಿ, ಒಳ್ಳೆ ಮಾತಿನಲ್ಲಿ ಹೊರಗೆ ಬನ್ನಿ. ಬಿಲ್ಲಿಂಗ್ ಗೊತ್ತಿದ್ದವರಿಗೆ ಮರಳಿ ಕೆಲಸ ಸಿಗೋದು ಕಷ್ಟವಿಲ್ಲ.

ಬೆಂಗಳೂರಿನ ಧಾರಾವಾಹಿ ಆಸೆ ಇದ್ದರೆ ಅದಕ್ಕೂ ನೌಕರಿ ಬಿಟ್ಟು ಹೋಗಿ ಕೂರಬೇಕಾಗಿಲ್ಲ. ಮೊದಲ ಸುತ್ತಿನ ಆಡಿಷನ್ ಈಗ ಹೆಚ್ಚಾಗಿ ಫೋನಿನಲ್ಲಿ ಮಾಡಿ ಕಳಿಸುವ ವಿಡಿಯೊ. ಕರೆದರೆ ರಾತ್ರಿ ರೈಲಿಗೆ ಹೋಗಿ ಮರುದಿನ ರಾತ್ರಿ ರೈಲಿಗೆ ಬರಬಹುದು. ಪಾತ್ರ ಕೊಡಿಸಲು, ಫೋಟೊ ತೆಗೆಸಲು, ಕಾರ್ಡ್ ಮಾಡಿಸಲು ರೊಕ್ಕ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೆಲಸ ಕೊಡುವವರು ರೊಕ್ಕ ಕೊಡುತ್ತಾರೆ, ಕೇಳೋದಿಲ್ಲ.

ಶಿಫ್ಟ್ ಸರಿಯಾದ ಮೇಲೆ ವರ್ಷಕ್ಕೆ ಎರಡೇ ನಾಟಕ ಒಪ್ಪಿಕೊಳ್ಳಿ. ತಂಡದಲ್ಲಿ ಚಿಕ್ಕವರಿಗೆ ಬ್ಯಾನರ್ ಕಟ್ಟೋದು, ಮಂದಿ ಕರೆಯೋದು, ಚಹಾ ತರೋದು ಎಲ್ಲ ಅಂಟಿಸುತ್ತಾರೆ. ನಾಟಕ ಎಲ್ಲರದ್ದೂ ಹೌದು, ಕೈಲಾದಷ್ಟು ಮಾಡಬೇಕು. ಆದರೆ ಹೆಣ್ಣುಮಕ್ಕಳಿಗಷ್ಟೇ ಚಹಾದ ಕೆಲಸ ಬಂದರೆ ಅಲ್ಲೇ ಹೇಳಿ. ಎರಡು ನಾಟಕದಲ್ಲಿ ಒಂದು ದೊಡ್ಡ ಪಾತ್ರ, ಒಂದು ಸಣ್ಣ ಪಾತ್ರ ಇರಲಿ. ಪ್ರಯೋಗದ ಮರುದಿನ ರಜೆ ಮೊದಲೇ ಹಾಕಿಡಿ. ವಾರಕ್ಕೆ ಒಂದು ಸಂಜೆ ನೌಕರಿಯೂ ಬೇಡ, ನಾಟಕವೂ ಬೇಡ. ನಮ್ಮೂರಿನ ‘ಅಪ್ಪನ ಕೆರೆ’ ಕಡೆ ತಿರುಗಾಡಿ ಬನ್ನಿ, ಇಲ್ಲವೇ ಮಲಗಿ. ಮನಸ್ಸೂ ಇರೋದಿಲ್ಲ ಅಂತ ಬರೆದಿರಲ್ಲ, ಅದಕ್ಕೆ ಅರ್ಧ ಮದ್ದು ನಿದ್ದೆಯೇ. ರಾತ್ರಿ ಪಾಳಿ ಮಾಡುವವರಿಗೆ ನಿದ್ದೆ ಕೆಟ್ಟೇ ಕೆಡುತ್ತದೆ, ಆಮೇಲೆ ಯಾವುದರಲ್ಲೂ ರುಚಿ ಉಳಿಯೋದಿಲ್ಲ. ಪಾಳಿ ತಪ್ಪಿದ ಮೇಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಮಾತಾಡಿ.

ಯಾವುದಾದರೂ ರೆಪರ್ಟರಿಯ ಸಂದರ್ಶನಕ್ಕೆ ಹೋಗುವುದಾದರೆ ಎರಡು ಸಂಭಾಷಣೆ ತಯಾರಿ ಮಾಡಿ, ಒಂದು ನಗಿಸುವಂಥದ್ದು, ಒಂದು ಗಂಭೀರ. ಹಾಡಿಗೆ ರಂಗಗೀತೆ ಎಲ್ಲರೂ ಹಾಡುತ್ತಾರೆ. ನೀವು ತತ್ವಪದ ಹಾಡಿ. ಮಾತಾಡುವಾಗ ಮೈಸೂರು ಕಡೆಯ ಕನ್ನಡವನ್ನು ಒತ್ತಾಯದಿಂದ ತಂದುಕೊಳ್ಳಬೇಡಿ. ನಮ್ಮ ಹುಡುಗಿಯರು ಅಲ್ಲೇ ಎಡವುತ್ತಾರೆ, ಅರ್ಧ ಗಮನ ಉಚ್ಚಾರದ ಮೇಲೆ ಹೋಗಿ ಪಾತ್ರ ಕೈಬಿಡುತ್ತದೆ. ಒಂದು ಸಂಭಾಷಣೆ ನಮ್ಮ ಕಲಬುರಗಿ ಮಾತಿನಲ್ಲೇ ಇರಲಿ, ಇನ್ನೊಂದು ಪುಸ್ತಕದ ಕನ್ನಡದಲ್ಲಿ ಇರಲಿ. ಎರಡೂ ಬರುತ್ತದೆ ಅಂತ ಅವರಿಗೆ ತಿಳಿಯುತ್ತದೆ. ಅದಕ್ಕೆ ಮುಂಚೆ ಈ ವಾರ ಎಚ್‌ಆರ್ ಹತ್ತಿರ ಹೋಗಿ ಬನ್ನಿ. ಅವರು ಏನಂದರು ಅಂತ ಬರೆಯಿರಿ, ಮುಂದಿನ ಲೆಕ್ಕ ಕೂತು ಹಾಕೋಣ.